ಒದ್ದೆ ಉಸುಕಿನ ತೂಕ

ಹೋದ ವಾರ ಕುಸನೂರದಲ್ಲಿ ಕಟ್ಟುತ್ತಿರುವ ಮನೆಯೊಂದರ ಮುಂದೆ ಹಾಯುವಾಗ, ಬೆಳಗಿನ ಮಳೆಗೆ ನೆಂದ ಉಸುಕಿನ ರಾಶಿಯ ವಾಸನೆ ಬಂತು. ಮಳೆ ಬಿದ್ದ ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ. ಉಸುಕಿನದು ಬೇರೆ. ಅದರಲ್ಲಿ ಸಿಹಿ ಇಲ್ಲ. ತುಕ್ಕು ಮತ್ತು ಹೊಳೆಯ ಕೆಸರು ಸೇರಿದ ತಣ್ಣನೆಯ ವಾಸನೆ ಅದು. ನನಗೆ ಅದರ ಜೊತೆ ಒಂದು ಅಂಕಿಯೂ ನೆನಪಾಗುತ್ತದೆ: ಹದಿನೆಂಟು. ಮನೆಗೆ ಬಂದು ಆ ಅಂಕಿ ಬರೆದಿಟ್ಟ ಹಳೆಯ ನೋಟ್‌ಬುಕ್ ತೆಗೆದೆ. ಜೂನ್ ಹತ್ತರಿಂದ ಸೆಪ್ಟೆಂಬರ್ ಇಪ್ಪತ್ತರವರೆಗೆ ಕಮಲಾಪುರಕ್ಕೆ ಐವತ್ತೆರಡು ಸಲ ಬಸ್ಸು ಹತ್ತಿದ್ದೇನೆ. ಐವತ್ತೆರಡೂ ಸಲ ಹೋದದ್ದು ಎರಡು ಕಬ್ಬಿಣದ ತುಂಡುಗಳಿಗಾಗಿ. ಒಂದೊಂದೂ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು.

ಆಗ ನನಗೆ ಇಪ್ಪತ್ತೊಂದು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿದಿತ್ತು, ಮುಂದಿನ ಕೋರ್ಸಿನ ಪ್ರವೇಶ ಅಕ್ಟೋಬರಿಗೆ ಹೋಗಿತ್ತು, ನಡುವೆ ನಾಲ್ಕು ತಿಂಗಳು ಖಾಲಿ. ಅಣ್ಣ ಪ್ರವೀಣ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಎರಡು ವರ್ಷದಿಂದ ಅವನೊಂದು ಸ್ಪೋರ್ಟ್ಸ್ ಕಾರು ಕಟ್ಟುತ್ತಿದ್ದ. ಎರಡೇ ಸೀಟು, ಮೇಲೆ ಛತ್ತಿಲ್ಲ, ಕೂತರೆ ಕೈ ನೆಲಕ್ಕೆ ತಾಗುವಷ್ಟು ತಗ್ಗು, ಚೌಕ ಕೊಳವೆಗಳ ಚಾಸಿ. ಅಪಘಾತವಾದ ಹಳೆಯ ಸಣ್ಣ ಕಾರಿನ ಎಂಜಿನ್ ಅದರ ಮುಂಭಾಗಕ್ಕೆ ಬರಬೇಕಿತ್ತು. ಇಂಥ ಗಾಡಿಯನ್ನು ರಸ್ತೆಗಿಳಿಸಲು ಪರವಾನಗಿ ಸಿಗುವುದಿಲ್ಲವೆಂದು ನಮಗೆ ಮೊದಲೇ ಗೊತ್ತಿತ್ತು. ಯಾರಾದರೂ “ಮತ್ತ ಯಾಕ ಮಾಡ್ಲಾಕತ್ತೀರಿ?” ಎಂದರೆ ಅಣ್ಣ, “ಮಾಡ್ಲಾಕ ಬರ್ತದಂತ,” ಎನ್ನುತ್ತಿದ್ದ. ಈಗಲೂ ನನಗೆ ಅದಕ್ಕಿಂತ ಒಳ್ಳೆಯ ಉತ್ತರ ಹೊಳೆದಿಲ್ಲ.

ಮೊದಲು ಕೆಲಸ ನಡೆದದ್ದು ಜೇವರ್ಗಿ ಕಾಲೋನಿಯ ನಮ್ಮ ಮನೆಯ ಅಂಗಳದಲ್ಲಿ. ಎದುರಿನ ಟ್ಯೂಷನ್ ಕ್ಲಾಸಿನವರು ಗ್ರೈಂಡರ್ ಸದ್ದಿನ ಬಗ್ಗೆ ಹನ್ನೊಂದು ಸಲ ದೂರಿದರು. ಹನ್ನೆರಡನೆಯ ಸಲ ದೂರಿದವರು ಅಪ್ಪ. ಜೂನ್ ಒಂಬತ್ತಕ್ಕೆ ಚಾಸಿಯನ್ನು ಟೆಂಪೋದಲ್ಲಿ ಹಾಕಿ ಕಮಲಾಪುರದ ಶರಣಪ್ಪ ಮಾಮಾನ ಶೆಡ್ಡಿಗೆ ಒಯ್ದೆವು. ಅವರು ನಮಗೆ ಸಂಬಂಧಿಯಲ್ಲ. ಅವ್ವನ ತವರೂರು ಕಮಲಾಪುರವಾದ್ದರಿಂದ ಮಾಮಾ. ಟ್ರ್ಯಾಕ್ಟರ್ ಟ್ರಾಲಿ ಮಾಡುವುದು ಅವರ ಕೆಲಸ. ಐವತ್ತೆಂಟು ವರ್ಷ, ತೆಳ್ಳನೆಯ ಆಳು, ಎಡ ಮೊಣಕೈಯಿಂದ ಕೆಳಗೆ ಕೂದಲೇ ಇಲ್ಲ. ಕಿಡಿಗಳಿಗೆ ಸುಟ್ಟು ಸುಟ್ಟು ಅವು ಮತ್ತೆ ಬೆಳೆಯುವುದನ್ನು ಬಿಟ್ಟಿದ್ದವು.

ಅವರ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಟ್ರಾಲಿಯನ್ನು ಮಾಮಾ ಒಂದೇ ಸಲಕ್ಕೆ ಪೂರ್ತಿ ಬೆಸೆಯುತ್ತಿರಲಿಲ್ಲ. ಪ್ರತಿ ಜೋಡಣೆಗೂ ಮೂಲೆಗಳಲ್ಲಿ ಮಾತ್ರ ಚುಕ್ಕಿಯಷ್ಟು ಬೆಸೆಯುತ್ತಿದ್ದರು. ಅದಕ್ಕೆ ಟಾಕಾ ಎನ್ನುತ್ತಿದ್ದರು, ಬಟ್ಟೆಗೆ ಹಾಕಿದ ಹಾಗೆ. ಆಮೇಲೆ ಟ್ರಾಲಿಗೆ ಕಲ್ಲು ಹೇರಿಸಿ, ಟ್ರ್ಯಾಕ್ಟರಿಗೆ ಕಟ್ಟಿಸಿ, ಊರ ಹೊರಗಿನ ದಾರಿಯಲ್ಲಿ ತಿರುಗಿಸಿ ತರಿಸುತ್ತಿದ್ದರು. ವಾಪಸ್ ಬಂದ ಮೇಲೆ ಸುತ್ತ ನಡೆದು ನೋಡಿ, ಸೊಟ್ಟಾದದ್ದನ್ನು ಸುತ್ತಿಗೆಯಿಂದ ಸರಿಪಡಿಸಿ, ಆಮೇಲಷ್ಟೇ ಪೂರ್ತಿ ವೆಲ್ಡಿಂಗ್. “ಮೂವತ್ತು ವರ್ಷ ಆತು, ನನ್ನ ಕೈಲಿಂದ ಹೋದದ್ದು ಒಂದೂ ವಾಪಸ್ ಬಂದಿಲ್ಲ,” ಎಂದು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇರುತ್ತಿರಲಿಲ್ಲ. ಊರಿನ ಹೆಸರು ಹೇಳಿದಷ್ಟು ಸಹಜವಾಗಿ ಹೇಳುತ್ತಿದ್ದರು.

ಅವರ ಬಲಗಣ್ಣಿಗೆ ಪೊರೆ ಬಂದಿತ್ತು. ಆಗಸ್ಟ್ ಮೂರಕ್ಕೆ ಕಲಬುರಗಿಯಲ್ಲಿ ಆಪರೇಷನ್ ಎಂದು ನಿಗದಿಯಾಗಿತ್ತು. ಆಮೇಲೆ ವೆಲ್ಡಿಂಗ್ ಬೆಳಕಿನ ಕಡೆ ನೋಡುವುದೇ ಬೇಡ ಎಂದು ಡಾಕ್ಟರು ಹೇಳಿದ್ದರು. ಆದ್ದರಿಂದ ಹೊಸ ಟ್ರಾಲಿ ಒಪ್ಪಿಕೊಳ್ಳುವುದನ್ನು ಮಾಮಾ ಬಿಟ್ಟಿದ್ದರು. ನಮ್ಮ ಕಾರೇ ಅವರ ಕೈಯಿಂದ ಹೋಗುವ ಕಡೆಯ ಕೆಲಸ.

ಉಳಿದಿದ್ದದ್ದು ಮುಂದಿನ ಚಕ್ರಗಳ ಕುಲುಕು ತಡೆಯುವ ಶಾಕ್‌ಗಳ ಬ್ರಾಕೆಟ್, ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ತುಂಡು. ಶಾಕ್‌ನ ಕೆಳತುದಿ ಚಕ್ರವನ್ನು ಹಿಡಿದಿರುವ ತ್ರಿಕೋನದ ಆರ್ಮಿಗೆ ಸಿಕ್ಕಿಕೊಳ್ಳುತ್ತದೆ; ಮೇಲ್ತುದಿ ಚಾಸಿಗೆ ಬೆಸೆದ ಬ್ರಾಕೆಟ್ಟಿಗೆ. ಆ ಬ್ರಾಕೆಟ್ ತಗ್ಗಿಗೆ ಕೂತರೆ ಕಾರಿನ ಮೂತಿ ಮೇಲೇಳುತ್ತದೆ, ಎತ್ತರಕ್ಕೆ ಕೂತರೆ ಹೊಟ್ಟೆ ನೆಲಕ್ಕೆ ತಾಗುತ್ತದೆ. ಎಂಜಿನ್ ಮತ್ತು ಇಬ್ಬರು ಮನುಷ್ಯರ ಭಾರ ಬಿದ್ದಾಗ ಆರ್ಮ್ ನೆಲಕ್ಕೆ ಸಮನಾಗಿ ಮಲಗಬೇಕು. ಶಾಕ್‌ಗೆ ಕುಗ್ಗಲೂ ಹಿಗ್ಗಲೂ ಜಾಗ ಇರಬೇಕು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೂ ಟೈರು ಅದಕ್ಕೆ ತಾಗಬಾರದು. ಕೊಳವೆಯ ತಗಡಿನ ದಪ್ಪ ಎರಡು ಮಿಲಿಮೀಟರಿಗೂ ಕಡಿಮೆ. ಒಂದು ಕ್ಷಣ ಹೆಚ್ಚು ನಿಂತರೆ ವೆಲ್ಡಿಂಗ್ ರಾಡು ತೂತು ಮಾಡುತ್ತದೆ. ತಪ್ಪಾದರೆ ಒಂದು ಸಲ ಕಡಿದು ಮತ್ತೆ ಬೆಸೆಯಬಹುದು. ಮೂರನೆಯ ಸಲಕ್ಕೆ ಕೊಳವೆ ಉಳಿಯುವುದಿಲ್ಲ ಎಂದು ಅಣ್ಣ ಹೇಳಿದ್ದ.

ಎಂಜಿನ್ ಆಗ ಕಲಬುರಗಿಯ ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಕೂತಿತ್ತು. ಅದರ ಬದಲು, ಕೂರುವ ಮನುಷ್ಯರ ಬದಲು, ಬ್ಯಾಟರಿ ಪೆಟ್ರೋಲುಗಳ ಬದಲು ಉಸುಕಿನ ಚೀಲ ಇಡುವುದೆಂದು ನಾನೇ ಹೇಳಿದೆ. ಜೂನ್ ಇಪ್ಪತ್ತೊಂದು, ಬಿಸಿಲಿತ್ತು. ಎಂಟು ಖಾಲಿ ಸಿಮೆಂಟ್ ಚೀಲಗಳಿಗೆ ಉಸುಕು ತುಂಬಿ ಕೈಗಾಡಿಯ ಮೇಲೆ ಸಂತೆಗೆ ಒಯ್ದು, ಬಾಳೆಹಣ್ಣಿನ ವ್ಯಾಪಾರಿಯ ಕಾಟಾದ ಮೇಲೆ ಒಂದೊಂದನ್ನೂ ನಲವತ್ತು ಕಿಲೋಕ್ಕೆ ಸರಿಮಾಡಿದೆ.

“ಉಸುಕು ತೂಕ ಮಾಡಿ ಯಾರಿಗೆ ಮಾರ್ತಿ ಯವ್ವಾ?” ವ್ಯಾಪಾರಿ ಕೇಳಿದ.

ಕೈಗಾಡಿ ತಳ್ಳಿಕೊಂಡು ಜೊತೆಗೆ ಬಂದಿದ್ದ ಮಾಮಾ, ನಾನು ಬಾಯಿ ತೆರೆಯುವ ಮೊದಲೇ, “ಮಾರ್ಲಾಕಲ್ಲೋ, ಕಾರಿನ್ಯಾಗ ಕೂಡಸ್ಲಾಕ. ನಮ್ಮ ಪಟವಾರಿ ಬಾಯಿದು ಹುಕುಂ,” ಎಂದರು. ನಾನು ಎಲ್ಲವನ್ನೂ ಬರೆದಿಡುವುದನ್ನು ನೋಡಿ, ಊರ ಜಮೀನಿನ ಲೆಕ್ಕ ಇಡುತ್ತಿದ್ದ ಹಳೆಯ ಕಾಲದ ಪಟವಾರಿಯ ಹೆಸರು ನನಗಿಟ್ಟಿದ್ದರು.

“ಉಸುಕು ಕೂತರ ಡ್ರೈವರ ಎಲ್ಲಿ ಕೂಡ್ತಾನ?”

“ಅವಾ ಹಿಂದಿಂದ ಓಡಿ ಬರ್ತಾನ.”

ವ್ಯಾಪಾರಿ ನಗುತ್ತ ನಾಲ್ಕು ಕೆಂಪು ಬಾಳೆಹಣ್ಣು ಕೊಟ್ಟ. ನಾನು ಚೀಲಗಳಿಗೆ ಬಿಳಿ ಬಣ್ಣದಲ್ಲಿ ಒಂದರಿಂದ ಎಂಟರವರೆಗೆ ಸಂಖ್ಯೆ ಹಾಕಿ, ನೋಟ್‌ಬುಕ್ಕಿನಲ್ಲಿ ಬರೆದೆ: ಎಂಟು ನಲವತ್ತಲೆ ಮುನ್ನೂರ ಇಪ್ಪತ್ತು. ಕೆಳಗೆ ಎರಡು ಗೆರೆ ಎಳೆದೆ.

ಜುಲೈ ಪೂರ್ತಿ ಹಾಕುವುದು ತೆಗೆಯುವುದೇ ಆಯಿತು. ಬ್ರಾಕೆಟ್ ಅನ್ನು ಕ್ಲ್ಯಾಂಪಿನಿಂದ ಕೊಳವೆಗೆ ಹಿಡಿಸಿ, ಚೀಲ ಹೇರಿ, ಆರ್ಮಿನ ಮೇಲೆ ರಸಮಟ್ಟ ಇಟ್ಟು ನೋಡುವುದು, ಚೀಲ ಇಳಿಸುವುದು, ಬ್ರಾಕೆಟ್ ಸರಿಸುವುದು, ಮತ್ತೆ ಹೇರುವುದು. ಹತ್ತೊಂಬತ್ತು ಸಲ. ಮೊದಲ ಆರು ಸಲ ಸ್ಟಿಯರಿಂಗ್ ತಿರುಗಿಸಿದರೆ ಬಲಗಡೆಯ ಟೈರು ಸ್ಪ್ರಿಂಗಿಗೆ ಉಜ್ಜುತ್ತಿತ್ತು. ಶಾಕ್‌ನ ಕೆಳತುದಿಯನ್ನು ಒಳಗೆ ಸರಿಸಿದೆವು. ಆಗ ಅದು ಬಹಳ ಓರೆಯಾಗಿ ಮಲಗಿತು, ಮೇಲ್ತುದಿಯನ್ನೂ ಸರಿಸಿದೆವು. ಹೊರಗೆ ತಿಂಗಳ ಮಧ್ಯದಿಂದ ಮಳೆ ಹಿಡಿಯಿತು. ಕಪ್ಪು ನೆಲ ಚಪ್ಪಲಿಗೆ ಅಂಟಿ ಬರುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ಕಾಲು ಕೆರೆದು ಒಳಗೆ ಬರಬೇಕು. ತಗಡಿನ ಮೇಲೆ ಮಳೆ ಜೋರಾದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಎರಡು ತಗಡು ಕೂಡುವ ಒಂದು ಕಡೆ ಸೋರುತ್ತಿತ್ತು. ಅದರ ಕೆಳಗೆ ಕಬ್ಬಿಣದ ಸಾಮಾನು ಇಡುವಂತಿರಲಿಲ್ಲ, ತುಕ್ಕು ಹಿಡಿಯುತ್ತದೆ. ಆದ್ದರಿಂದ ಇಳಿಸಿದ ಚೀಲಗಳನ್ನು ನಾವು ಅಲ್ಲಿಡುತ್ತಿದ್ದೆವು.

ಜುಲೈ ಇಪ್ಪತ್ತೊಂಬತ್ತಕ್ಕೆ ರಸಮಟ್ಟದ ಗುಳ್ಳೆ ಎರಡೂ ಕಡೆ ನಡುವಿಗೆ ಬಂದು ನಿಂತಿತು. ಅಣ್ಣ ಮೂರು ಸಲ ಅಳೆದ, ನಾನು ಮೂರು ಸಲ. ಮಾಮಾ ಬ್ರಾಕೆಟ್ಟಿಗೆ ಮೂಲೆಗೊಂದು ಟಾಕಾ ಹಾಕಿ ಮಾಸ್ಕ್ ಎತ್ತಿದರು.

“ಇಷ್ಟಕ್ಕ ಬಿಡ್ತೀನಿ. ತಿರುಗಿಸಿ ತರಲಾರದ ಪೂರಾ ಹಚ್ಚಿಲ್ಲ ನಾ ಎಂದೂ.”

ಅಣ್ಣ ನನ್ನ ಮುಖ ನೋಡಿದ. ಎಂಜಿನ್ ಬರುವುದು ತಿಂಗಳ ಮೇಲೆ. ಮಾಮಾನ ಆಪರೇಷನ್ನಿಗೆ ಉಳಿದದ್ದು ಐದು ದಿನ.

“ತಿರುಗಿಸ್ಲಾಕ ಎಂಜಿನ್ ಎಲ್ಲದರೀ ಮಾಮಾ?” ನಾನು ಹೇಳಿದೆ. “ಅದಕ್ಕಽ ಉಸುಕು ಇಟ್ಟೀವಿ. ಎಂಜಿನ್ ಬಂದ ಮ್ಯಾಲೂ ಇಷ್ಟೇ ಭಾರ. ಲೆಕ್ಕ ಪಕ್ಕಾ ಅದ.”

“ನಿನ್ನ ಪುಸ್ತಕ ಏನಂತದ?”

“ಸರಿ ಅದ ಅಂತದರಿ.”

ಅವರು ಕ್ಷಣಹೊತ್ತು ಬ್ರಾಕೆಟ್ ನೋಡಿದರು. “ಪಟವಾರಿ ಅಂದ ಮ್ಯಾಲ ಮುಗೀತು,” ಎಂದು ಮಾಸ್ಕ್ ಇಳಿಸಿಕೊಂಡರು. ಎರಡೂ ಕಡೆ ಸೇರಿ ಐವತ್ತು ನಿಮಿಷ, ಏಳು ರಾಡು. ಮೇಲಿನ ಕಿಟ್ಟ ಉದುರಿಸಿದಾಗ ಬೆಸುಗೆ ಒಂದರ ಮೇಲೊಂದು ಜೋಡಿಸಿದ ನಾಣ್ಯಗಳ ಸಾಲಿನಂತಿತ್ತು. ಅಷ್ಟು ಒಳ್ಳೆಯ ಬೆಸುಗೆಯನ್ನು ನಾನು ಆಮೇಲೂ ಕಂಡಿಲ್ಲ.

ಆಪರೇಷನ್ ಸುಸೂತ್ರವಾಯಿತು, ಆಮೇಲೆ ಮಾಮಾ ಶೆಡ್ಡಿಗೆ ಬರದೆ ಮನೆಯಲ್ಲೇ ಇದ್ದರು. ಸೆಪ್ಟೆಂಬರ್ ಎರಡಕ್ಕೆ ಎಂಜಿನ್ ಬಂತು. ಅದನ್ನು ಕೂಡಿಸಿ, ಬ್ಯಾಟರಿ ಇಟ್ಟು, ಪೆಟ್ರೋಲ್ ಸುರಿದು, ನಾನು ಮತ್ತು ಅಣ್ಣ ಇಬ್ಬರೂ ಕೂತೆವು. ಮಾಮಾನ ಹೆಂಡತಿ ಮಹಾದೇವಿ ಅತ್ತಿ ಚಹಾ ತಂದವರು ಬಾಗಿಲಲ್ಲೇ ನಿಂತು, “ಇದ್ಯಾಕ ಮಾರಿ ಮ್ಯಾಲ ಮಾಡಿ ನಿಂತದ? ಮುಗಲು ನೋಡ್ತದೇನು?” ಎಂದರು.

ಮೂತಿ ಹದಿನೆಂಟು ಮಿಲಿಮೀಟರ್ ಎತ್ತರವಿತ್ತು. ಆರ್ಮ್‌ಗಳು ಹೊರಗಡೆ ಇಳಿಜಾರಾಗಿದ್ದವು. ಹಾಗೆಯೇ ಓಡಿಸಿದರೆ ಸಣ್ಣ ಕುಣಿಗೂ ಶಾಕ್ ಪೂರ್ತಿ ಹಿಗ್ಗಿ ಏಟು ಹೊಡೆಯುತ್ತದೆ, ಸ್ಟಿಯರಿಂಗ್ ತಾನೇ ಎಳೆಯುತ್ತದೆ. ಸ್ಪ್ರಿಂಗ್ ಇಳಿಸುವ ತಿರುಪು ಮೊದಲೇ ಕೊನೆಯ ಮೆಟ್ಟಿಲಲ್ಲಿತ್ತು. ಅಣ್ಣ ಸ್ಪ್ರಿಂಗ್ ಸರಿ ಇಲ್ಲ ಎಂದ, ಗ್ಯಾರೇಜಿನವರು ಎಂಜಿನ್ನಿನ ತೂಕ ತಪ್ಪು ಹೇಳಿದ್ದಾರೆ ಎಂದ. ನಾನು ತಗಡು ಸೋರುವ ಕಡೆ ಇದ್ದ ಮೂರನೆಯ ಸಂಖ್ಯೆಯ ಚೀಲವನ್ನು ಎಳೆದೆ. ಅಡಿಯಿಂದ ನೀರು ಒಸರಿತು. ಕೈಗಾಡಿಯಲ್ಲಿ ಸಂತೆಯ ಕಾಟಾಕ್ಕೆ ಒಯ್ದೆ. ನಲವತ್ತೇಳು ಕಿಲೋ ಇನ್ನೂರು ಗ್ರಾಂ.

ಎಂಟನ್ನೂ ತೂಗಿದೆ. ಒಟ್ಟು ಐವತ್ತಾರು ಕಿಲೋ ಹೆಚ್ಚು. ಮಳೆ ಹಿಡಿಯುವ ಮೊದಲು ತೂಗಿ, ಮಳೆ ಹಿಡಿದ ಮೇಲೆ ಅಳೆದಿದ್ದೆ. ನಡುವೆ ಒಂದು ಸಲವೂ ಮತ್ತೆ ತೂಗಿರಲಿಲ್ಲ. ತೂಗುವ ಕಾರಣ ಕಂಡಿರಲಿಲ್ಲ, ಏಕೆಂದರೆ ಬರೆದಿಟ್ಟಿದ್ದೆ, ಕೆಳಗೆ ಎರಡು ಗೆರೆ ಎಳೆದಿದ್ದೆ.

ಶೆಡ್ಡಿಗೆ ಮರಳಿ ಹೇಳಿದಾಗ ಅಣ್ಣ ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ, “ಮಾಮಾಗ ಹೇಳೂದು ಬ್ಯಾಡ,” ಎಂದ. “ಸೋಮವಾರ ಅವರು ಕಣ್ಣು ತೋರಸ್ಲಾಕ ಕಲಬುರಗಿಗೆ ಹೋಗ್ತಾರ. ಸಿಟಿಯಿಂದ ಒಬ್ಬನ್ನ ಕರಕೊಂಡು ಬರ್ತೀನಿ. ಅವರು ಬರೂದ್ರಾಗ ಕಡಿದು, ಹಚ್ಚಿ, ಬಣ್ಣ ಹೊಡದು ಬಿಡ್ತೀವಿ. ಅವರಿಗೆ ಗೊತ್ತೇ ಆಗಂಗಿಲ್ಲ.”

“ಕೈ ಆಡಿಸಿದ್ರ ಗೊತ್ತಾಗ್ತದ.”

“ಯಾಕ ಕೈ ಆಡಿಸ್ತಾರ? ಮೂವತ್ತು ವರ್ಷದ ಮಾತು ಅದ ಅವರದು. ಕಡೀದು ಇದು. ನಿನ್ನ ತಪ್ಪಿಗೆ ಅವರ ಹೆಸರು ಯಾಕ ಕೆಡಸ್ತಿ?”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆ ದಿನದ ಪುಟದಲ್ಲಿ ಹೇಳಬೇಕು, ಹೇಳಬಾರದು ಎಂದು ಎರಡು ಸಾಲು ಮಾಡಿ ಕಾರಣಗಳನ್ನು ಬರೆದಿದ್ದೇನೆ. ಹೇಳಬಾರದು ಎನ್ನುವುದಕ್ಕೆ ಐದು. ಹೇಳಬೇಕು ಎನ್ನುವುದಕ್ಕೆ ಒಂದೇ: ಅವರು ಟಾಕಾಕ್ಕೆ ನಿಲ್ಲಿಸಿದ್ದರು, ಪೂರಾ ಹಚ್ಚಿಸಿದ್ದು ನಾನು.

ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಮಾಮಾ ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು. ನಿಂತುಕೊಂಡೇ ಹೇಳಿದೆ: ಚೀಲದ ತೂಕ, ಮೂತಿಯ ಎತ್ತರ, ಬ್ರಾಕೆಟ್ ಹನ್ನೆರಡು ಮಿಲಿಮೀಟರ್ ಮೇಲೆ ಹೋಗಬೇಕೆನ್ನುವುದು. ಅವರು ರೇಡಿಯೋ ಬಂದ್ ಮಾಡಿ ಎದ್ದು ಶೆಡ್ಡಿಗೆ ನಡೆದರು. ನಾನು ಹಿಂದೆ. ಕಾರಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಎಡಗಡೆಯ ಬ್ರಾಕೆಟ್ಟಿನ ಸುತ್ತ ಹೆಬ್ಬೆರಳು ಆಡಿಸಿದರು.

“ಬೆಸಿಗಿ ಬಿಟ್ಟಿಲ್ಲಲ್ಲ?”

“ಇಲ್ರಿ ಮಾಮಾ. ಬೆಸಿಗಿ ಭಾಳ ಛಲೋ ಅದ. ಜಾಗಾ ತಪ್ಪದ.”

“ಹಂಗಂದ್ರೂ ವಾಪಸ್ ಬಂದಂಗೇ ಆತು.” ಅವರು ಏಳಲಿಲ್ಲ. “ಪಟವಾರಿ, ಹೊಲ ಒಮ್ಮೆ ಅಳದ್ರ ಮುಗೀತು, ಖರೆ. ಅದು ಎಲ್ಲಿ ಹೋಗ್ತದ? ಉಸುಕು ಹೊಲ ಅಲ್ಲವ್ವ. ನೀರು ಕುಡೀತದ ಅದು.”

“ಹೌದ್ರಿ.”

“ನಿನ್ನ ಕಣ್ಣಮುಂದಽ ಕುಡೀತು. ಹದಿನೈದು ದಿನ.”

“ಹೌದ್ರಿ.”

“ನಾನೂ ನೋಡೀನಿ. ನಾನೂ ಅಂದಿಲ್ಲ. ಪುಸ್ತಕದಾಗ ಅದಲ್ಲ ಅಂತ ಸುಮ್ಮಾದೆ.” ಇಷ್ಟು ಹೇಳಿ ಅವರು ಮೊಣಕಾಲಿಗೆ ಕೈಕೊಟ್ಟು ಎದ್ದರು.

ಸಿಟಿಯಿಂದ ಒಬ್ಬರನ್ನು ಕರೆಸುತ್ತೇವೆ ಎಂದೆ. ಆಗ ಅವರಿಗೆ ಸಿಟ್ಟು ಬಂತು. ಆ ಮಳೆಗಾಲದಲ್ಲಿ ಅವರ ಸಿಟ್ಟು ನೋಡಿದ್ದು ಅದೊಂದೇ ಸಲ. “ಈ ಶೆಡ್ಡಿಂದು ಕೆಡಿಸಿ ಹೊರಗಿನ ಮಂದಿ ಕೈಲಿ ತಿದ್ದಸ್ತೀಯೇನು? ಕೆಡಿಸಿದಾಕಿ ನೀ. ನೀನಽ ಹಚ್ಚು.”

“ನಂಗ ಬರಂಗಿಲ್ರಿ ಮಾಮಾ. ಕಾಲೇಜಿನ್ಯಾಗ ನಾಕು ದಿನ ಮಾಡೀನಿ ಅಷ್ಟೇ.”

“ಕಣ್ಣು ನಿಂದು, ಕೈ ನಿಂದು. ಕಿವಿ ನಂದು ಇರಲಿ.”

ಅವರು ಹೇಳಿದ್ದು ನನಗೆ ಅರ್ಥವಾದದ್ದು ಮರುದಿನ. ಬೆಳಕು ಹಾಯದಂತೆ ಶೆಡ್ಡಿನ ನಡುವೆ ಅಣ್ಣ ತಾಡಪತ್ರಿಯ ಪರದೆ ಕಟ್ಟಿದ. ಈಚೆ ನಾನು, ಮಾಸ್ಕ್ ಹಾಕಿಕೊಂಡು. ಆಚೆ ಸ್ಟೂಲಿನ ಮೇಲೆ ಮಾಮಾ, ಬೆಳಕಿನ ಕಡೆ ಬೆನ್ನು ಮಾಡಿ. ವೆಲ್ಡಿಂಗಿಗೆ ಒಂದು ಸದ್ದಿದೆ. ರಾಡು ಸರಿಯಾದ ದೂರದಲ್ಲಿದ್ದು ಸರಿಯಾದ ವೇಗದಲ್ಲಿ ಹೋದರೆ ಎಣ್ಣೆಯಲ್ಲಿ ಭಜಿ ಕರಿದ ಹಾಗೆ ಒಂದೇ ಸಮ ಚರಚರ ಎನ್ನುತ್ತದೆ. ದೂರವಾದರೆ ಉಸಿರು ಬಿಟ್ಟಂತೆ ಹೂಂಕರಿಸುತ್ತದೆ, ಹತ್ತಿರವಾದರೆ ತೊದಲುತ್ತದೆ. ಅವರು ಅದನ್ನು ಕೇಳಿ ತಾಡಪತ್ರಿಯ ಆಚೆಯಿಂದ ಕೂಗುತ್ತಿದ್ದರು. “ದೂರ ಆತು!” “ಗಡಬಡಿ ಬ್ಯಾಡ!” “ನಿಂತಿ ನೋಡು, ತೂತು ಬಿತ್ತು!” ಬಿದ್ದಿರುತ್ತಿತ್ತು.

“ನಿಮಗ ಹ್ಯಾಂಗ ಗೊತ್ತಾತ್ರಿ?”

“ನಿಮ್ಮ ಅತ್ತಿ ಒಳಗ ರೊಟ್ಟಿ ಹೊತ್ತಸಿದ್ರ ನಂಗ ಹೊರಗ ಗೊತ್ತಾಗಲ್ಲೇನು?”

“ನಾ ಎಂದ ಹೊತ್ತಸೀನಿ?” ಮಹಾದೇವಿ ಅತ್ತಿ ಮನೆಯ ಕಡೆಯಿಂದ ಕೂಗಿದರು.

ಕಸದಲ್ಲಿದ್ದ ಅದೇ ದಪ್ಪದ ಕೊಳವೆಯ ತುಂಡುಗಳ ಮೇಲೆ ಹನ್ನೆರಡು ದಿನ ಕಲಿತೆ. ಒಟ್ಟು ನೂರಾ ಆರು ರಾಡು. ನನ್ನ ಅಭ್ಯಾಸದಂತೆ ಅವರ ಕೂಗುಗಳನ್ನೂ ಎಣಿಸಿದೆ. ಮೊದಲ ದಿನ ಎಪ್ಪತ್ತೊಂದು. ನಾಲ್ಕನೆಯ ದಿನ ಐವತ್ತು. ಎಂಟನೆಯ ದಿನ ಮತ್ತೆ ಅರವತ್ತಕ್ಕೆ ಏರಿತು. ಅಂದು ನನಗೆ ಜ್ವರವಿತ್ತು. ಹನ್ನೆರಡನೆಯ ದಿನ ಹತ್ತೊಂಬತ್ತು.

ಸೆಪ್ಟೆಂಬರ್ ಹದಿನೇಳಕ್ಕೆ ಅಣ್ಣ ಗ್ರೈಂಡರಿನಿಂದ ಮಾಮಾನ ಬೆಸುಗೆ ಕಡಿದ. ಅದಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು, ಬಿಡುತ್ತಲೇ ಇರಲಿಲ್ಲ. ಮಾಮಾ ಆ ಹೊತ್ತು ಮನೆಯೊಳಗಿದ್ದರು. ಹದಿನೆಂಟಕ್ಕೆ, ಎಂಜಿನ್ ಇರುವಾಗಲೇ, ನಾವಿಬ್ಬರೂ ಕೂತು ನೋಡಿ, ಎದ್ದು ಸರಿಸಿ, ಮತ್ತೆ ಕೂತು ನೋಡಿ ಬ್ರಾಕೆಟ್ ನಿಲ್ಲಿಸಿದೆವು. ನಾನು ಟಾಕಾ ಹಾಕಿದೆ. ಮೂಲೆಗೊಂದು, ಅಷ್ಟೇ.

ಹತ್ತೊಂಬತ್ತಕ್ಕೆ ಮಳೆ ಬಿಡುವು ಕೊಟ್ಟಿತ್ತು. ಅಣ್ಣ ಸ್ಟಿಯರಿಂಗ್ ಹಿಡಿದ, ಪಕ್ಕದಲ್ಲಿ ಮಾಮಾ, ಕಪ್ಪು ಕನ್ನಡಕ, ತಲೆಗೆ ಟವೆಲ್. ಶೆಡ್ಡಿನ ಹಿಂದಿನ ಬಾಳೆ ತೋಟದ ಗಟ್ಟಿ ದಾರಿಯಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ, ಆರುನೂರು ಮೀಟರ್ ಹೋಗಿ ಬಂದರು. ನಾನು ಪಕ್ಕದಲ್ಲಿ ಬಗ್ಗಿ ಬ್ರಾಕೆಟ್ ನೋಡುತ್ತ ನಡೆದೆ. ತೋಟದ ಬದುವಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು, “ಶರಣಪ್ಪಾ, ಟ್ರಾಲಿಗಿ ಕಬ್ಬಿಣ ಕಡಿಮಿ ಬಿತ್ತೇನೋ, ಇಷ್ಟು ಸಣ್ಣದು ಮಾಡೀದಿ?” ಎಂದಳು.

“ಮುಂದಿನ ವರ್ಷ ಇನ್ನೂ ಸಣ್ಣದು ಮಾಡ್ತೀನಿ, ನಿನ್ನ ಕಿಸೆದಾಗ ಹಾಕ್ಕೊಂಡು ಹೋಗು,” ಎಂದರು ಮಾಮಾ. ಆಮೇಲೆ ಅಣ್ಣನ ಕಡೆ ತಿರುಗಿ, “ನೆಲದ ಮ್ಯಾಲ ಕೂತಂಗ ಆಗ್ಲಾಕತ್ತದಲ್ಲೋ. ಚಾಪಿ ಹಾಸಿದ್ರ ಆಗ್ತಿತ್ತು,” ಎಂದರು. ಶೆಡ್ಡಿಗೆ ಬಂದು ಇಳಿದ ಮೇಲೆ ಕಾರಿನ ಸುತ್ತ ಒಂದು ಸಲ ನಡೆದರು. ಆರ್ಮ್ ಎರಡೂ ಕಡೆ ಸಮನಾಗಿ ಮಲಗಿದ್ದವು. ಟಾಕಾ ಒಂದೂ ಬಿಟ್ಟಿರಲಿಲ್ಲ. “ನಾಳೆ ಹಚ್ಚು,” ಎಂದರು.

ಇಪ್ಪತ್ತನೆಯ ತಾರೀಕು ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿದೆವು. ಅಣ್ಣ ಕಾಲೇಜಿಗೆ ಹೋಗಿದ್ದ. ತಾಡಪತ್ರಿ ಕಟ್ಟಿ, ಮಾಮಾ ಆಚೆ ಸ್ಟೂಲಿನ ಮೇಲೆ ಕೂತರು. ಎಡಗಡೆಯ ಬ್ರಾಕೆಟ್ಟಿಗೆ ನಾಲ್ಕು ರಾಡು ಹಿಡಿಯಿತು, ಮಾಮಾ ಹದಿಮೂರು ಸಲ ಕೂಗಿದರು. ನಡುವೆ ಎರಡು ಸಲ ನಿಲ್ಲಿಸಿ ಕೈ ಒರೆಸಿಕೊಂಡೆ. ಬಲಗಡೆ ಶುರುವಿನಲ್ಲೇ “ದೂರ” ಎಂದರು. ಆಮೇಲೆ “ಹಂಗಽ ನಡಿ.” ಆಮೇಲೆ ಮೂಲೆ ತಿರುಗುವಾಗ “ಸಾವಕಾಶ.” ಅದಾದ ಮೇಲೆ ಏನೂ ಇಲ್ಲ. ಕೂಗು ಬರಲಿಲ್ಲವೆಂದು ನನಗೆ ಭಯವೇ ಆಯಿತು. ಏನೋ ಕೆಟ್ಟಿದೆ, ಸಿಟ್ಟಿನಿಂದ ಸುಮ್ಮನಿದ್ದಾರೆ ಎಂದುಕೊಂಡೆ. ನಡುವೆ ನಿಂತು ಕೇಳಲು ಮನಸ್ಸಾಗಲಿಲ್ಲ, ಹಿಡಿದ ಲಯ ತಪ್ಪೀತು. ಮೂರನೆಯ ರಾಡು ಮುಗಿಯಿತು, ನಾಲ್ಕನೆಯದು ಹಾಕಿಕೊಂಡೆ. ನನ್ನ ಕಿವಿಯಲ್ಲಿ ಇದ್ದದ್ದು ಆ ಚರಚರ ಒಂದೇ. ಕಡೆಯ ಮೂಲೆ ಮುಟ್ಟಿ ರಾಡು ಎತ್ತಿದೆ, ಮಾಸ್ಕ್ ತೆಗೆದೆ.

“ಮಾಮಾ?”

ತಾಡಪತ್ರಿ ಸರಿಸಿದೆ. ಸ್ಟೂಲು ಖಾಲಿ ಇತ್ತು.

ಹೊರಗೆ ಬಂದೆ. ಮಾಮಾ ಹಿತ್ತಲ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಬಟ್ಟಲಿನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು.

“ಯಾವಾಗ ಎದ್ದು ಬಂದ್ರಿ?”

“ನೀ ಮೂಲಿ ತಿರುಗಿದ ಮ್ಯಾಲ.”

“ಮತ್ತ ಉಳದದ್ದು ಯಾರು ಕೇಳೂದ್ರಿ?”

“ಅದರಾಗ ಕೇಳೂದೇನಿತ್ತು?” ಎಂದು ಅವರು ಚಹಾದ ಬಟ್ಟಲು ಎತ್ತಿದರು.